ಚಿಲ್ಲರೆ ಬಾಕಿ

ಏಳೂ ಐವತ್ತೆರಡು.
ಶ್ರೀರಂಗಪಟ್ಟಣದಲ್ಲಿ ಹತ್ತಿದ ಪಾಪಣ್ಣನಿಗೆ
ಮರೀಗೌಡ ಹರಿದುಕೊಟ್ಟ ಟಿಕೆಟ್ಟಿನ ಮೇಲೆ
ಮಿಷನ್ನು ಹೊಡೆದ ಹೊತ್ತು ಅದು.
ಐನೂರರ ನೋಟು; ಮೂವತ್ತು ಕಳೆದು
ನಾನೂರ ಎಪ್ಪತ್ತು ಬಾಕಿ ಅಂತ ಹಿಂದುಗಡೆ ಬರೆಯಬೇಕಿತ್ತು.
ಬರೆದದ್ದು ಅಂಕಿಯಲ್ಲ,
ಹಿಪ್ಪುನೇರಳೆ ಎಲೆಯಂಚಿಗೆ ಹುಳ ಬಾಯಿಟ್ಟ ಗುರುತು.

‘ಏನ್ ಕಂಡಕ್ಟ್ರೆ, ಬೆಳಬೆಳಗ್ಗೇನೆ ಹಾಕ್ಬುಟ್ಟಿದ್ದೀರಾ?’
ಹಿಂದಿನ ಸೀಟಲ್ಲಿ ನಗೆ.
ನಾನೂ ನಕ್ಕೆ, ಕನ್ನಡಿಯಲ್ಲಿ ನೋಡುತ್ತ, ಗೇರು ಬದಲಾಯಿಸುತ್ತ.
ಹದಿನಾಲ್ಕು ವರ್ಷ ಒಂದೇ ಬುತ್ತಿಯಲ್ಲಿ ಉಂಡವನು,
ಅವನು ಕುಡಿಯುವವನಲ್ಲ ಅಂತ ಗೊತ್ತಿದ್ದೂ.

ಕಳಸ್ತವಾಡಿಯಲ್ಲಿ ಸೀಟಿ ಕೇಳಲಿಲ್ಲ.
ದಾರದ ತುದಿಗೆ ಅದು ತೂಗುತ್ತಿತ್ತು,
ತುಟಿಯ ಬಲಗಡೆ
ಕೊಂಡಿ ಕಳಚಿದ ಕಿಟಕಿ ಶಟರಿನ ಹಾಗೆ ಇಳಿಬಿದ್ದಿತ್ತು.
‘ರೈಟ್’ ಅಂದ. ಯಾರೂ ಇಳಿದಿರಲಿಲ್ಲ.
‘ರೈಟ್, ರೈಟ್’ ಅಂದ.
ಬಲಗೈಯ ಬ್ಯಾಗು ಜಾರಿ
ನಾಣ್ಯಗಳು ನನ್ನ ಕಾಲಿನ ತನಕ ಉರುಳಿ ಬಂದವು.

ಲಕ್ವ ಕಣ್ರಪ್ಪಾ, ನೀರು ಕುಡಿಸಿ.
ಪಾರಿವಾಳದ ರಕ್ತ ಬಿಸಿಬಿಸಿ ತಿಕ್ಕಿದ್ರೆ...
‘ಬಾಯಿಗೆ ಏನೂ ಹಾಕ್ಬೇಡಿ’ ಅಂದಳು ನರ್ಸಿಂಗ್ ಓದುವ ಹುಡುಗಿ,
‘ಎರಡೂ ಕೈ ಎತ್ತಿ ಅಣ್ಣಾ.’
ಎಡಗೈ ಎದ್ದಿತು.

ಆಮೇಲೆ ನಾನು ಎಲ್ಲೂ ನಿಲ್ಲಿಸಲಿಲ್ಲ.
ಸಿದ್ದಲಿಂಗಪುರದವರು ಸಿದ್ದಲಿಂಗಪುರದಲ್ಲಿ ಬೈದರು;
ಬಂಬೂಬಜಾರಿನ ಹೊತ್ತಿಗೆ ಅವರೇ
ಕಿಟಕಿಯಿಂದ ಕೈಬೀಸಿ ಆಟೋಗಳನ್ನು ಸರಿಸುತ್ತಿದ್ದರು.
ದೊಡ್ಡಾಸ್ಪತ್ರೆ ಗೇಟಿನೊಳಕ್ಕೆ ಕೆಂಪು ಬಸ್ಸು,
ಅರವತ್ತು ಜನ, ಎರಡು ಮೂಟೆ ಬದನೆಕಾಯಿ ಸಮೇತ.

ಡಾಕ್ಟರು ಮೊದಲು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.
‘ಸರಿಯಾಗಿದ್ದದ್ದನ್ನ ಕಡೇ ಸಲ ನೋಡಿದ್ದು ಎಷ್ಟೊತ್ತಿಗೆ?’
ಆಗಲೇ ಅಂದರು ಒಬ್ಬರು. ಈಗ ತಾನೇ ಅಂದರು ಇನ್ನೊಬ್ಬರು.
ಪಾಪಣ್ಣ ಜೇಬಿಂದ ಟಿಕೆಟ್ಟು ತೆಗೆದ.
‘ದುಡ್ಡಿಸ್ಕಂಡಾಗ ಚೆನ್ನಾಗಿದ್ರು ಸೋಮಿ,
ಬರ್ಯಕ್ಕೋದಾಗ ಇರ್ನಿಲ್ಲ.’

ಸ್ಕ್ಯಾನಿನಲ್ಲಿ ರಕ್ತ ಸೋರಿರಲಿಲ್ಲ, ನಾಳ ಕಟ್ಟಿತ್ತು.
ಸೋರಿದ್ದರೆ ಈ ಸೂಜಿಯೇ ವಿಷ,
ಕಟ್ಟಿದ್ದರೆ ಮದ್ದು, ಅದೂ ನಾಲ್ಕೂವರೆ ಗಂಟೆಯೊಳಗೆ.
ಗೋಡೆಯಲ್ಲಿ ಒಂಬತ್ತೂಕಾಲು.

ದೇವಾಜಮ್ಮ ಮಂಡ್ಯದಿಂದ ಬಂದಳು. ವಿಚಾರಣೆ ಶುರುವಾಯಿತು.
ಬಿ.ಪಿ. ಮಾತ್ರೆ?
ತಲೆನೋವೇ ಇಲ್ಲದ ಮೇಲೆ ಯಾಕೆ ಅಂತ ಯುಗಾದಿಗೇ ಬಿಟ್ಟರು.
ಸಕ್ಕರೆ?
ಡಿಪೋ ಕ್ಯಾಂಪಿನ ಚೀಟಿ ಇನ್ನೂ ಪರ್ಸಲ್ಲಿದೆ.
ಬೀಡಿ? ಟ್ರಿಪ್ಪಿಗೆ ಎರಡು.
ನಿದ್ದೆ? ಅದಕ್ಕೆ ನನ್ನ ಕಡೆ ನೋಡಿದಳು.

ಒಂದು ಮಾತು ಅವಳಿಗೂ ಗೊತ್ತಿರಲಿಲ್ಲ.
ಹಿಂದಿನ ವಾರ ಮದ್ದೂರಿನಲ್ಲಿ ಟೀ ಲೋಟ ಬಿದ್ದಿತ್ತು;
‘ಈ ಕೈ ನಂದಲ್ಲ ಕಣ್ಲಾ’ ಅಂದಿದ್ದ, ಹತ್ತು ನಿಮಿಷ.
ಸರಿಹೋಯಿತು. ಇನ್ನೊಂದು ಟೀ ಕೊಡಿಸಿದೆ.
ಮನೇಲಿ ಹೇಳ್ಬೇಡ ಅಂದ, ಹೇಳಲಿಲ್ಲ.
ಅದನ್ನು ಅವಳ ಮುಖ ನೋಡದೆ ಡಾಕ್ಟರಿಗೆ ಹೇಳಿದೆ.
‘ಅವತ್ತೇ ಬರಬೇಕಿತ್ತು’ ಅಂದರು, ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಏಳು ತಿಂಗಳಾಯಿತು.
ಕಾಲು ಬಂದಿದೆ, ಕೈ ಅರ್ಧ.
ಮಾತು ಒಂದೇ ಉಳಿದಿತ್ತು ಬಹಳ ದಿನ:
ಹಸಿವಾದರೆ ರೈಟ್, ಫ್ಯಾನು ಆರಿಸಲು ರೈಟ್, ಅಳುವಾಗಲೂ ರೈಟ್.
ಮಾತು ಕಲಿಸುವ ಮೇಡಂ ಈಗ ಸ್ಟಾಪು ಹಿಡಿದು ಹೊರಟಿದ್ದಾಳೆ.
‘ಇಂಡು’ ಅಂತ ಅವಳು ನಿಲ್ಲಿಸಿದರೆ
‘ವಾಳು’ ಅಂತ ಇವನು ಹತ್ತಿಕೊಳ್ಳುತ್ತಾನೆ.
ಹಳೇ ಕ್ಯಾಷ್ ಬ್ಯಾಗಿನ ಖಾನೆಗಳಲ್ಲಿ ದೇವಾಜಮ್ಮ
ಬೆಳಗಿನದು, ರಾತ್ರಿಯದು ಅಂತ ಮಾತ್ರೆ ತುಂಬುತ್ತಾಳೆ.
ಅದರಲ್ಲಿ ಒಂದು ಖಾನೆ ನನ್ನದು,
ನನ್ನ ಬಿ.ಪಿ. ನೂರ ಅರವತ್ತೆಂಟು ಅಂತ ತಿಳಿದ ಮೇಲೆ.

ಟಿಕೆಟ್ಟು ಆಸ್ಪತ್ರೆ ಫೈಲಿನಲ್ಲಿ ಪಿನ್ನಾಗಿ ಉಳಿಯಿತು.
‘ಹೋಗ್ಲಿ ಬುಡಿ ಗೌಡ್ರೆ’ ಅನ್ನುತ್ತಾನೆ ಪಾಪಣ್ಣ.
ಇವನು ಬಿಡುವುದಿಲ್ಲ.
ದುಡ್ಡು ದಿಂಬಿನಡಿ ಇದೆ, ಕೊಡುವುದಿಲ್ಲ; ಮೊದಲು ಬರೆಯಬೇಕು.
ಎಡಗೈಯಲ್ಲಿ ಏಳುನೂರ ನಲವತ್ತಾಗುತ್ತದೆ,
ಹೊಡೆದುಹಾಕುತ್ತಾನೆ.
ಇವತ್ತು ನಾಲ್ಕು ಬಂತು, ಪಕ್ಕದಲ್ಲಿ ಏಳು.
ಸೊನ್ನೆಯ ಬಾಗಿಲಲ್ಲಿ ಪೆನ್ನು ನಿಂತಿದೆ.
ಪಾಪಣ್ಣ ವಾಚು ನೋಡುತ್ತಿಲ್ಲ.